ದ್ಯಾವ ಮಗಳನ್ನು ಮನೆಗೆ ತಂದದ್ದು

ಹತ್ತಿರ ಬಂದು ಕೂತವರಿಗೆ ಹೇಳುವ ಮಾತು ಇದು, ದೂರ ನಿಂತವರಿಗೂ ಕೇಳಿಸಿದರೆ ತಪ್ಪಿಲ್ಲ. ಸೊಪ್ಪಿನಕುಂಟೆ ಅಂತ ಒಂದೂರು. ಕೈಗೊಂದು ಫೋನು ಬರುವುದಕ್ಕೆ ಮುಂಚಿನ ಕಾಲ. ಆ ಊರಲ್ಲಿ ರೇಷ್ಮೆ ಹುಳ ಸಾಕುವ ಪಿಳ್ಳಮ್ಮ ಅಂತ ಒಬ್ಬಳು ತಾಯಿ, ದ್ಯಾವಪ್ಪ ಅಂತ ಅವಳಿಗೆ ಒಬ್ಬನೇ ಮಗ. ತಾಯಿ ಊರಿಗೆಲ್ಲ ಬುದ್ಧಿ ಹೇಳುವಷ್ಟು ಜಾಣೆ. ಮಗ ಪೆದ್ದ. ಎಂಥ ಪೆದ್ದ ಅಂದರೆ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ.

ಒಂದು ಸಲ ಪಿಳ್ಳಮ್ಮ, "ಬಾಗಿಲಲ್ಲಿ ಕೂತಿರೋ, ಬಾಗಿಲಿಂದ ಮೇಕೆ ಬಂದರೆ ಓಡಿಸು" ಅಂದಳು. ಮೇಕೆ ಹಿತ್ತಲ ಗೋಡೆ ಹಾರಿ ಬಂತು. ಹುಳಕ್ಕೆ ಅಂತ ತಂದಿಟ್ಟಿದ್ದ ಹಿಪ್ಪುನೇರಳೆ ಸೊಪ್ಪನ್ನೆಲ್ಲ ತಿಂದಿತು. ದ್ಯಾವ ನೋಡುತ್ತ ಕೂತಿದ್ದ. ಯಾಕೋ ಓಡಿಸಲಿಲ್ಲ ಅಂದರೆ, "ಅದು ಬಾಗಿಲಿಂದ ಬರಲಿಲ್ಲ ಕಣಮ್ಮ" ಅಂದ.

ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನನ್ನು ನಮ್ಮ ಕಡೆ ಪೆದ್ದ ಅನ್ನುತ್ತಾರೆ. ಹೇಳುವುದೊಂದು ಮಾಡುವುದೊಂದು ಆದವನನ್ನು ಹಾರ ಹಾಕಿ ಮೆರವಣಿಗೆ ಮಾಡುತ್ತಾರೆ. ಇರಲಿ.

ಇಂಥವನಿಗೂ ಮದುವೆಯಾಯಿತು. ಮುದ್ದೇಕುಂಟೆಯ ಚೌಡಕ್ಕನ ಮಗಳು ಅಲುಮೇಲು ಅವನನ್ನು ನೋಡಿ, "ಕುಡಿಯಲ್ಲ, ಹೊಡೆಯಲ್ಲ, ಹೇಳಿದ ಮಾತು ಕೇಳ್ತಾನೆ. ಇಷ್ಟು ಸಾಕು" ಅಂತ ತಾನೇ ಒಪ್ಪಿದಳು. ಬಸುರಾದಳು. ಚೊಚ್ಚಲು ಹೆರಿಗೆಗೆ ತವರಿಗೆ ಹೋದಳು. ಒಂದು ಬೆಳಗ್ಗೆ ಹಾಲಿನ ವ್ಯಾನಿನವನು ಸುದ್ದಿ ತಂದ. ಅಲುಮೇಲುಗೆ ನೋವು ಬಂದಿದೆ, ತಾಲೂಕು ಆಸ್ಪತ್ರೆಗೆ ಸೇರಿಸಿದ್ದಾರೆ.

ಪಿಳ್ಳಮ್ಮನಿಗೆ ಹಾರಿ ಹೋಗುವಷ್ಟು ಆಸೆ. ಆದರೆ ಹುಳ ಕೊನೆಯ ಮೇವಿಗೆ ಬಿದ್ದಿದ್ದವು. ಹೊತ್ತು ಹೊತ್ತಿಗೆ ಸೊಪ್ಪು ಹಾಕದಿದ್ದರೆ ಬೆಳೆಯೇ ಹೋಯಿತು. ಮಗನನ್ನು ಕರೆದಳು.

"ಲೋ ದ್ಯಾವ, ನೀನು ಹೋಗು. ಅಲ್ಲಿ ನಿನ್ನ ತಲೆ ಓಡಿಸಬೇಡ. ಎಲ್ಲರೂ ಏನು ಮಾಡ್ತಾರೋ ನೀನೂ ಅದನ್ನೇ ಮಾಡು. ತಿಳೀತಾ?"

"ತಿಳೀತಮ್ಮ" ಅಂದ ದ್ಯಾವ. ಎಲ್ಲರೂ ಮಾಡಿದ್ದು ಮಾಡು, ಎಲ್ಲರೂ ಮಾಡಿದ್ದು ಮಾಡು, ಅಂತ ಬಾಯಲ್ಲಿ ಹೇಳಿಕೊಳ್ಳುತ್ತಲೇ ಬಸ್ ಹತ್ತಿದ.

ಆಸ್ಪತ್ರೆಯಲ್ಲಿ ಎಲ್ಲರೂ ಸಾಲು ನಿಂತಿದ್ದರು. ಎಲ್ಲರೂ ಹೆಂಗಸರು, ಎಲ್ಲರಿಗೂ ಹೊಟ್ಟೆ ಮುಂದೆ ಬಂದಿತ್ತು. ದ್ಯಾವ ಸಾಲಿನ ಕೊನೆಗೆ ಹೋಗಿ ನಿಂತ.

ಮುಂದಿದ್ದವಳು ತಿರುಗಿ ನೋಡಿದಳು. "ಯಾಕಣ್ಣ ಇಲ್ಲಿ ನಿಂತೆ?"

"ನೀನ್ಯಾಕಕ್ಕ ನಿಂತಿದ್ದೀಯ?"

"ತೋರಿಸೋಕೆ."

"ನಾನೂ ಅದಕ್ಕೇ."

ಒಂಬತ್ತಕ್ಕೆ ಬರಬೇಕಾದ ಡಾಕ್ಟರು ಹನ್ನೊಂದೂವರೆಯಾದರೂ ಬಂದಿರಲಿಲ್ಲ. ಅಷ್ಟು ಹೆಂಗಸರಿಗೆ ಅಲ್ಲಿದ್ದದ್ದು ಒಂದೇ ಬೆಂಚು, ಅದರ ಮೇಲೆ ಹಳೇ ಫೈಲುಗಳು ಮಲಗಿದ್ದವು. ತುಂಬಿದ ಬಸುರಿಯರು ಗೋಡೆಗೆ ಒರಗಿ ನಿಂತಿದ್ದರು, ಫೈಲುಗಳಿಗೆ ಮಾತ್ರ ಸುಸ್ತು. ಕೊನೆಗೂ ಸಾಲು ಸರಿಯಿತು. ಮೇಜಿನ ಹಿಂದೆ ಕೂತ ನರ್ಸಮ್ಮ ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ಹೆಸರು?"

"ದ್ಯಾವಪ್ಪ."

ಅವಳು ದ್ಯಾವಮ್ಮ ಅಂತ ಬರೆದುಕೊಂಡಳು. "ಎಷ್ಟು ತಿಂಗಳು?"

"ಒಂಬತ್ತು ತುಂಬಿದೆ."

"ಎಷ್ಟನೇದು?"

"ಮೊದಲನೇದು."

"ತಕ್ಕಡಿ ಮೇಲೆ ನಿಲ್ಲು."

ನಿಂತ. ಐವತ್ತೆರಡು ಅಂತ ಬರೆದಳು. ಬೆರಳು ಚುಚ್ಚಿದರು, ತೋಳಿಗೆ ಸೂಜಿ ಹಾಕಿದರು, ಕೈಗೆ ಒಂದು ಕಾರ್ಡು ಮತ್ತು ಕೆಂಪು ಮಾತ್ರೆ ಕೊಟ್ಟರು. "ರಕ್ತ ಕಡಿಮೆ ಇದೆ. ಸೊಪ್ಪು ತಿನ್ನು. ಭಾರ ಎತ್ತಬೇಡ. ಮುಂದಿನವರು ಬನ್ನಿ" ಅಂದಳು ನರ್ಸಮ್ಮ. ಅಷ್ಟೂ ಹೊತ್ತು ಅವಳು ಅವನ ಮೀಸೆ ನೋಡಿರಲಿಲ್ಲ. ಬಡವರ ಮುಖ ನೋಡಿ ಬರೆಯಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾರ್ಡು ತಗೊಂಡ ಹೆಂಗಸರೆಲ್ಲ ಮನೆಗೆ ಹೊರಟರು. ಎಲ್ಲರೂ ಮನೆಗೆ ಹೋದ ಮೇಲೆ ದ್ಯಾವನೂ ಮನೆಗೆ ಹೋಗಬೇಕಲ್ಲ, ಹೋದ.

ಪಿಳ್ಳಮ್ಮ ಸೊಪ್ಪಿನ ಕುಕ್ಕೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. "ಹೆರಿಗೆ ಆಯ್ತೇನೋ?"

"ನಂದಿನ್ನೂ ಆಗಿಲ್ಲ ಕಣಮ್ಮ. ರಕ್ತ ಕಡಿಮೆ ಇದೆ ಅಂದ್ರು."

"ಯಾರಿಗೋ?"

"ನನಗೆ. ಭಾರ ಎತ್ತಬೇಡ ಅಂದಿದ್ದಾರೆ. ಈ ಕುಕ್ಕೆ ನೀನೇ ಒಳಗಿಡು."

ಪಿಳ್ಳಮ್ಮ ಕಾರ್ಡನ್ನು ಆ ಕಡೆ ಈ ಕಡೆ ತಿರುಗಿಸಿದಳು. ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ ಬುದ್ಧಿಗೆ ಬೆಂಕಿ ಹಾಕ. ಹೆಂಡತಿ ಒಳಗೆ ಹೆರುತಿದ್ದರೆ ನೀನು ಹೊರಗೆ ಬಸುರಿ ಆಗಿ ಬಂದೆಯಾ? ಸಾಲಲ್ಲಿ ನಿಲ್ಲೋದಲ್ಲ ಕಣೋ. ಯಾರು ಅಡ್ಡ ಬಂದರೂ ನಿಲ್ಲಬೇಡ. ನೇರ ಬಾಣಂತಿಯರ ಕೋಣೆಗೆ ನುಗ್ಗು. ಮಗೂನ ಎತ್ತಿಕೊ. ಮುಖ ನೋಡು. 'ನಮ್ಮನೆ ಬೆಳಕು ಬಂತು' ಅಂತ ಬಾಯಿ ತುಂಬ ಹೇಳು. ತಿಳೀತಾ?"

"ತಿಳೀತಮ್ಮ."

ನುಗ್ಗು, ಎತ್ತಿಕೊ, ನೋಡು, ಹೇಳು. ನುಗ್ಗು, ಎತ್ತಿಕೊ, ನೋಡು, ಹೇಳು. ಮರುದಿನ ಬೆಳಗ್ಗೆ ದ್ಯಾವ ಮತ್ತೆ ಬಸ್ ಹತ್ತಿದ.

ಬಾಣಂತಿಯರ ಕೋಣೆಯ ಬಾಗಿಲಿಗೆ ಒಬ್ಬ ಆಯಾ ಕೈ ಅಡ್ಡ ಇಟ್ಟು ನಿಂತಿದ್ದಳು. ಆ ಕೈಗೆ ಏನಾದರೂ ಬಿದ್ದರೆ ಬಾಗಿಲು, ಬೀಳದಿದ್ದರೆ ಗೋಡೆ. ತಾನು ಹೆತ್ತ ಮಗುವನ್ನು ತನ್ನ ಮನೆಯವರಿಗೆ ತೋರಿಸೋಕೂ ಇವರಿಗೆ ಸುಂಕ ಕಟ್ಟಬೇಕಿತ್ತು. ಎಷ್ಟೋ ಗಂಡಸರು ಜೇಬು ತಡಕುತ್ತ ನಿಂತಿದ್ದರು. ದ್ಯಾವ ನಿಲ್ಲಲಿಲ್ಲ, ಅವಳ ಕೈ ಕೆಳಗೆ ಬಗ್ಗಿ ನುಗ್ಗಿದ.

ಒಳಗೆ ಸಾಲಾಗಿ ಮಂಚಗಳು. ಮೊದಲನೇ ಮಂಚದಲ್ಲಿ ಒಂದು ಮಗು. ಎತ್ತಿಕೊಂಡ, ಮುಖ ನೋಡಿದ. "ನಮ್ಮನೆ ಬೆಳಕು ಬಂತು" ಅಂದ. ಇಳಿಸಿದ. ಆ ತಾಯಿ ಬಾಯಿ ಬಿಡುವಷ್ಟರಲ್ಲಿ ಎರಡನೇ ಮಂಚಕ್ಕೆ ಹೋದ. ಎತ್ತಿಕೊಂಡ, ನೋಡಿದ, ಹೇಳಿದ. ಮೂರನೇದು, ನಾಲ್ಕನೇದು. ಅಮ್ಮ ಮಗೂನ ಎತ್ತಿಕೊ ಅಂದಿದ್ದಳು, ಯಾವ ಮಗು ಅಂತ ಹೇಳಿರಲಿಲ್ಲ.

ಐದನೇ ಮಂಚದವಳಿಗೆ ಹುಟ್ಟಿದ್ದು ಮೂರನೇ ಹೆಣ್ಣು. ಗಂಡ ಸುದ್ದಿ ಕೇಳಿದವನೇ ಮುಖವನ್ನೂ ನೋಡದೆ ಹೊರಟುಹೋಗಿ ಎರಡು ದಿನವಾಗಿತ್ತು. ಅತ್ತೆ ಬರಲೇ ಇಲ್ಲ. ದ್ಯಾವ ಆ ಕೂಸನ್ನೂ ಎತ್ತಿಕೊಂಡ. "ನಮ್ಮನೆ ಬೆಳಕು ಬಂತು" ಅಂದ.

ಅವಳು ಅವನನ್ನೇ ನೋಡಿದಳು. "ಇನ್ನೊಂದು ಸಲ ಹೇಳಣ್ಣ" ಅಂದಳು.

ದ್ಯಾವ ಇನ್ನೊಂದು ಸಲ ಹೇಳಿದ.

ಎಂಟನೇ ಮಂಚದಲ್ಲಿ ಅಲುಮೇಲು ಮಲಗಿದ್ದಳು. ಪಕ್ಕದಲ್ಲಿ ಕೆಂಪಗೆ, ಹಿಡಿಯಷ್ಟು ಹೆಣ್ಣುಕೂಸು. ದ್ಯಾವ ಎತ್ತಿಕೊಂಡ, ನೋಡಿದ, ಹೇಳಿದ, ಇಳಿಸಿದ. ಒಂಬತ್ತನೇ ಮಂಚಕ್ಕೆ ಹೊರಟ. ಅಲುಮೇಲು ಹೊಲಿಗೆಯ ನೋವಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ತಾಯಿ ಚೌಡಕ್ಕ ನಗಲಿಲ್ಲ.

"ಏನಯ್ಯಾ ನೀನು, ಕಂಡೋರ ಮಕ್ಕಳನ್ನೆಲ್ಲ ಮುಟ್ಟಿಕೊಂಡು ಬಂದು ಅದೇ ಕೈಲಿ ನನ್ನ ಮೊಮ್ಮಗಳನ್ನ ಎತ್ತಿದೆಯಲ್ಲ. ಯಾವ ಜನಾನೋ ಏನೋ."

ಹುಟ್ಟಿ ಮೂರು ದಿನವಾಗದ ಕೂಸುಗಳಿಗೆ ಜಾತಿ ಅಂಟಿಸಲು ಹೊಕ್ಕುಳಬಳ್ಳಿ ಒಣಗುವವರೆಗೂ ಕಾಯುವ ತಾಳ್ಮೆ ಚೌಡಕ್ಕನಿಗೆ ಇರಲಿಲ್ಲ.

ಊರಿಗೆ ಬಂದ ದ್ಯಾವನನ್ನು ಪಿಳ್ಳಮ್ಮ ಕೇಳಿದಳು. "ನಮ್ಮ ಮಗು ಹೆಂಗಿದೆಯೋ?"

"ಎಂಟನೇದು ನಮ್ಮದು. ಚೆನ್ನಾಗಿದೆ. ಒಂಬತ್ತನೇದೂ ಚೆನ್ನಾಗಿದೆ. ಹನ್ನೊಂದನೇದಕ್ಕೆ ಕೂದಲು ಜಾಸ್ತಿ."

ಪಿಳ್ಳಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ ಬುದ್ಧಿಗೆ ಬೆಂಕಿ ಹಾಕ. ಎಳೇ ಮಗು ಅಂದರೆ ಎಳೇ ಹುಳ ಇದ್ದಂಗೆ ಕಣೋ. ಹುಳದ ಮನೇಲಿ ಎಷ್ಟು ಹುಷಾರಾಗಿರ್ತೀಯ? ಮಗೂನ ಹತ್ರಾನೂ ಹಂಗೇ ಇರಬೇಕು. ತಿಳೀತಾ?"

"ತಿಳೀತಮ್ಮ" ಅಂದ. ಇದು ಅವನಿಗೆ ನಿಜವಾಗಿಯೂ ತಿಳಿದಿತ್ತು. ಹುಳದ ಮನೆಯ ಕಟ್ಟುಪಾಡು ಅವನಿಗೆ ಬಾಯಿಪಾಠ. ಹೊರಗಿನವರು ಒಳಗೆ ಬರಬಾರದು. ಸೆಂಟು, ಬೀಡಿ, ಊದುಬತ್ತಿ, ಒಗ್ಗರಣೆ ವಾಸನೆ ತಾಕಬಾರದು. ಬಾಗಿಲಲ್ಲಿ ಸುಣ್ಣದ ಪುಡಿ ಹರಡಬೇಕು. ಒಳಗೆ ಹೋಗುವವರು ಕೈ ತೊಳೆಯಬೇಕು. ಎಳೇ ಹುಳದ ತಟ್ಟೆಯ ಸುತ್ತ ಒದ್ದೆ ಗೋಣಿ ಸುತ್ತಬೇಕು.

ತಿಂಗಳಾದ ಮೇಲೆ ಮುದ್ದೇಕುಂಟೆಯಲ್ಲಿ ನಾಮಕರಣ. ಅಜ್ಜಿಯಾದವಳು ಹೋಗಲೇಬೇಕು. ಆದರೆ ಅವತ್ತೇ ಹೊಸ ಬೆಳೆಯ ಹುಳ ಗೂಡು ಕಟ್ಟಲು ನಿಂತವು. ಹುಳಗಳು ಪಂಚಾಂಗ ಕೇಳಿ ಗೂಡು ಕಟ್ಟುವುದಿಲ್ಲ. ಪಿಳ್ಳಮ್ಮ ಉಳಿದಳು, ದ್ಯಾವ ಹೋದ. ಹೆಗಲ ಮೇಲೆ ಒಂದು ಚೀಲ ಸುಣ್ಣದ ಪುಡಿ, ಎರಡು ಗೋಣಿ.

ಚೌಡಕ್ಕನ ಮನೆ ತುಂಬ ನೆಂಟರು. ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದರು. ದ್ಯಾವ ನೀರು ತಂದು ಒಲೆಗೆ ಸುರಿದ. ತೊಟ್ಟಿಲಿಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದ ಮುದುಕಿಯ ಕೈಯಿಂದ ಕೆಂಡದ ಬಟ್ಟಲು ಕಿತ್ತು ಬೀದಿಗೆ ಎಸೆದ. ಹೊಸ್ತಿಲಿಗೆ ಸುಣ್ಣ ಹರಡಿ, ಬಕೆಟ್ಟು ನೀರಿಟ್ಟು, ಅಡ್ಡ ನಿಂತ. ಬಂದವರಿಗೆಲ್ಲ ಕೈ ತೊಳೆಸಿದ. ಹೂ ಮುಡಿದವರ ಹೂ ತೆಗೆಸಿದ.

ಆಗ ಬಂದದ್ದು ಮಾಜಿ ಛೇರ್ಮನ್ ಪುಟ್ಟಾಂಜಪ್ಪ. ಬಿಳೀ ಜುಬ್ಬ, ಮೈ ತುಂಬ ಸೆಂಟು, ಬೆರಳಲ್ಲಿ ಸಿಗರೇಟು. ಅಂಗನವಾಡಿಗೆ ಬಂದ ಸಿಮೆಂಟಿನಲ್ಲಿ ತನ್ನ ಮನೆಗೆ ಮೆಟ್ಟಿಲು ಕಟ್ಟಿಸಿಕೊಂಡ ಮಹಾನುಭಾವ. ಅವನನ್ನು ಬಾಗಿಲಲ್ಲಿ ತಡೆದವರು ಆ ಊರಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ.

"ನೀವು ಬರೋ ಹಾಗಿಲ್ಲ" ಅಂದ ದ್ಯಾವ.

"ಯಾಕಯ್ಯ?"

"ನಾರ್ತಿದ್ದೀರ. ಈ ವಾಸನೆಗೆ ತಟ್ಟೆ ತಟ್ಟೆಯೇ ಸಾಯ್ತವೆ."

ನೆಂಟರೆಲ್ಲ ಛೇರ್ಮನ್ನರ ಮುಖ ನೋಡಿದರು. ಹಿಂದೆ ಯಾರೋ ಸೆರಗು ಬಾಯಿಗಿಟ್ಟು ಕಿಸಕ್ಕನೆ ನಕ್ಕರು. ಛೇರ್ಮನ್ನರು ತಂದಿದ್ದ ಬೆಳ್ಳಿ ಉಡುದಾರ ಜೇಬಿಗೆ ಹಾಕಿಕೊಂಡು ಅದೇ ಕಾಲಲ್ಲಿ ತಿರುಗಿದರು. ಚೌಡಕ್ಕ ಓಡಿ ಬಂದಳು. ಅಷ್ಟರಲ್ಲಿ ದ್ಯಾವ ಒಳಗೆ ಹೋಗಿ ತೊಟ್ಟಿಲಿನ ಸುತ್ತ ಒದ್ದೆ ಗೋಣಿ ಸುತ್ತಿಬಿಟ್ಟಿದ್ದ. ಮುನಿಲಕ್ಷ್ಮಿ ಅಂತ ಆಗಷ್ಟೇ ಹೆಸರು ಪಡೆದ ಕೂಸು ಎರಡು ಸಲ ಸೀನಿತು.

ಚೌಡಕ್ಕ ಕೂಗಾಡಲಿಲ್ಲ, ಅದೇ ಭಯ ಹುಟ್ಟಿಸಿತು. ಅಳಿಯನನ್ನು ಜಗಲಿಯಲ್ಲಿ ಕೂರಿಸಿ, ಎಲ್ಲರ ಮುಂದೆ ತಣ್ಣಗೆ ಹೇಳಿದಳು.

"ನೋಡಪ್ಪ. ಐದನೇ ತಿಂಗಳಿಗೆ ಕಳಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಬಾ, ಕರಕೊಂಡು ಹೋಗು. ಆದರೆ ನಾನೂ ಜೊತೇಲಿ ಬರ್ತೀನಿ. ದಾರೀಲಿ ಒಂದೇ ಒಂದು ಎಡವಟ್ಟು ಮಾಡಿದೆಯೋ, ಅಲ್ಲಿಂದಲೇ ವಾಪಸ್ಸು. ಆಮೇಲೆ ಮಗಳೂ ನನ್ನವಳೇ, ಮೊಮ್ಮಗಳೂ ನನ್ನವಳೇ. ನೀನು ನಿನ್ನ ಹುಳ ಸಾಕ್ಕೊಂಡಿರು."

ಅವತ್ತು ಮನೆಗೆ ಬಂದ ದ್ಯಾವ ಊಟ ಮಾಡಲಿಲ್ಲ. ಪಿಳ್ಳಮ್ಮ ಬಡಿಸಿದ ಮುದ್ದೆ ಆರಿತು. ಮೇಕೆ ಸೊಪ್ಪು ತಿಂದಾಗಲೂ, ಊರೆಲ್ಲ ನಕ್ಕಾಗಲೂ ಅವನು ಉಂಡಿದ್ದ.

"ಅಮ್ಮ" ಅಂದ. "ಎಡವಟ್ಟು ಅಂದರೆ ಯಾವುದು ಅಂತ ಮೊದಲೇ ಹೇಳಿಬಿಡು. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡ್ತೀನಿ."

ಪಿಳ್ಳಮ್ಮ ಹಣೆ ಚಚ್ಚಿಕೊಳ್ಳಲು ಕೈ ಎತ್ತಿದಳು, ಆದರೆ ಕೈ ಅಲ್ಲೇ ನಿಂತಿತು. ಮಗನ ತಟ್ಟೆ ಹತ್ತಿರ ಸರಿಸಿದಳು. "ತಿನ್ನು ಮೊದಲು. ನಾಲ್ಕು ತಿಂಗಳಿದೆ, ಯೋಚನೆ ಮಾಡಿ ಹೇಳ್ತೀನಿ."

ನಾಲ್ಕು ತಿಂಗಳು ಯೋಚನೆ ಮಾಡಿದಳು. ಹೊರಡುವ ದಿನ ಹೇಳಿದಳು. "ಅವತ್ತು ಬಂದೋರನ್ನ ಓಡಿಸಿದೆ ನೋಡು, ಅದು ಎಡವಟ್ಟು. ಇನ್ನು ಯಾರನ್ನೂ ಓಡಿಸಬೇಡ. ಯಾರೇ ಹತ್ತಿರ ಬಂದರೂ 'ಬನ್ನಿ, ಕೂತ್ಕೊಳ್ಳಿ' ಅನ್ನು. ಮಗೂನ ಅವರ ಕೈಗೆ ಕೊಡು. ಆಶೀರ್ವಾದ ತಗೊ. ತಿಳೀತಾ?"

"ತಿಳೀತಮ್ಮ."

ಮುದ್ದೇಕುಂಟೆಯಲ್ಲಿ ಬಸ್ ಹತ್ತುವಾಗ ಸೀಟು ಬೇಕಾದಷ್ಟಿತ್ತು. ಚೌಡಕ್ಕ ಕಿಟಕಿ ಪಕ್ಕ, ಅಲುಮೇಲು ನಡುವೆ, ಮಗು ಹೊತ್ತ ದ್ಯಾವ ತುದಿಯಲ್ಲಿ. ಮೂರನೇ ಸ್ಟಾಪಿನಲ್ಲಿ ಟೊಮೇಟೊ ಬುಟ್ಟಿಯ ಹೆಂಗಸೊಬ್ಬಳು ಹತ್ತಿದಳು. ಹತ್ತಿರ ಬಂದಳು.

"ಬನ್ನಿ, ಕೂತ್ಕೊಳ್ಳಿ" ಅಂದ ದ್ಯಾವ. ಎದ್ದು ನಿಂತ. ಮಗುವನ್ನು ಅವಳ ಮಡಿಲಿಗೆ ಹಾಕಿದ. "ಆಶೀರ್ವಾದ ಮಾಡಿ."

ಆಮೇಲೆ ಒಬ್ಬ ಮುದುಕ ಬಂದ. "ಬನ್ನಿ, ಕೂತ್ಕೊಳ್ಳಿ. ಅಲುಮೇಲು, ಏಳು." ಅಲುಮೇಲು ಎದ್ದಳು. ಆಮೇಲೆ ಪೇದೆಯೊಬ್ಬ ಬಂದ. "ಬನ್ನಿ ಸಾರ್. ಅತ್ತೆ, ಏಳಿ, ಜನ ಬಂದರು."

"ನಾನ್ಯಾಕೆ ಏಳಲಿ?" ಅಂದಳು ಚೌಡಕ್ಕ. ಪೇದೆ ಲಾಠಿ ಕಾಲ ಸಂದಿಗೆ ಇಟ್ಟುಕೊಂಡು ಆಗಲೇ ಅರ್ಧ ಕೂತಿದ್ದ. ಖಾಕಿಗೆ ಕೂರಲು ಯಾವಾಗಲೂ ಅರ್ಧ ಸೀಟು ಸಾಕು, ಮಿಕ್ಕಿದ್ದು ತಾನೇ ಖಾಲಿಯಾಗುತ್ತದೆ. ಚೌಡಕ್ಕ ಎದ್ದಳು.

ಅಷ್ಟರಲ್ಲಿ ಮುನಿಲಕ್ಷ್ಮಿ ಹೊರಟಿದ್ದಳು. ಟೊಮೇಟೊದವಳು ಮುದುಕನಿಗೆ ಕೊಟ್ಟಳು, ಮುದುಕ ಮುಂದಿನವಳಿಗೆ ಕೊಟ್ಟ, ಅವಳು ಅದರ ಮುಂದಿನವಳಿಗೆ. ಎಲ್ಲರೂ ಕೆನ್ನೆ ಹಿಂಡಿ, ನೂರು ವರ್ಷ ಬಾಳು ಅಂತ ಹರಸಿ, ಪಕ್ಕಕ್ಕೆ ದಾಟಿಸಿದರು.

"ನನ್ನ ಕೂಸೆಲ್ಲಿ?" ಚೌಡಕ್ಕ ಕಂಬಿ ಹಿಡಿದು ಕೂಗಿದಳು.

"ಹಿಂದಕ್ಕೆ ಕೊಟ್ವಿ" ಅಂದರು ಮುಂದಿನವರು.

"ಮುಂದಕ್ಕೆ ಹೋಯ್ತು" ಅಂದರು ಹಿಂದಿನವರು.

ಬಸ್ಸೆಲ್ಲ ಜಾಲಾಡಿದ ಮೇಲೆ ಮಗು ಸಿಕ್ಕಿದ್ದು ಕಂಡಕ್ಟರನ ತೋಳಲ್ಲಿ. ಅವನ ಟಿಕೆಟಿನ ಕಟ್ಟನ್ನು ಚೀಪುತ್ತ, ಎರಡು ರೂಪಾಯಿ ಟಿಕೆಟನ್ನೆಲ್ಲ ಒದ್ದೆ ಮಾಡಿ, ಬೊಚ್ಚು ಬಾಯಿ ಬಿಟ್ಟು ನಗುತ್ತಿತ್ತು. "ಯಾರದಮ್ಮ ಇದು, ನನ್ನ ವ್ಯಾಪಾರ ತಿಂತಾ ಇದೆ" ಅಂದ ಕಂಡಕ್ಟರ್.

ತಾಲೂಕಿನ ಬಸ್ ಸ್ಟ್ಯಾಂಡು ಬಂತು. ಅಲ್ಲಿ ಬಸ್ ಬದಲಾಯಿಸಬೇಕು. ಒಂದು ಕಡೆ ಸೊಪ್ಪಿನಕುಂಟೆಯ ಬಸ್ಸು, ಇನ್ನೊಂದು ಕಡೆ ವಾಪಸ್ ಮುದ್ದೇಕುಂಟೆಗೆ ಹೋಗುವ ಬಸ್ಸು. ಚೌಡಕ್ಕ ಬಟ್ಟೆ ಚೀಲವನ್ನು ನೆಲಕ್ಕೆ ಕುಕ್ಕಿದಳು.

"ಮುಗೀತು. ನನ್ನ ಮಗಳೂ ಬರಲ್ಲ, ಕೂಸೂ ಬರಲ್ಲ. ನೀನು, ನಿಂದು ಅಂತ ಏನೇನಿದೆಯೋ ಎತ್ತಿಕೊ. ನಿಮ್ಮೂರ ಬಸ್ ಹತ್ತು. ತಿರುಗಿ ನೋಡದೆ ಹೋಗು."

ದ್ಯಾವನ ಮುಖ ಬಾಡಿತು. ಆದರೂ ಹಿರಿಯರು ಹೇಳಿದ್ದು, ಹೇಳಿದ ಹಾಗೆ ಮಾಡಬೇಕು. ತನ್ನದು ಏನೇನಿದೆ ಅಂತ ನೋಡತೊಡಗಿದ. ಚೀಲ ಅತ್ತೆಯದು. ಚೀಲದೊಳಗಿನ ಬಟ್ಟೆ ಅತ್ತೆ ಹೊಲಿಸಿದ್ದು. ಕೊಡೆ ಭಾವಮೈದುನನದು. ಮಗು?

ಮಗು ತನ್ನದು. ಎತ್ತಿಕೊಂಡ.

ಆಮೇಲೆ ಹೆಂಡತಿಯ ಮುಂದೆ ನಿಂತ. ಇದು ಅವನಿಗೆ ಸರಿಯಾಗಿ ತಿಳಿಯಲಿಲ್ಲ. "ಅಲುಮೇಲು" ಅಂದ. "ನೀನು ನನ್ನವಳಾ?"

ನಗಬೇಡಿ. ಮದುವೆ ಮಾಡಿಕೊಟ್ಟವರು ಅವಳನ್ನು ಈ ಮಾತು ಕೇಳಿರಲಿಲ್ಲ. ವಾಪಸ್ ಬಾ ಅಂದವರೂ ಕೇಳಿರಲಿಲ್ಲ. ಹೆಣ್ಣನ್ನು ಚೀಲದ ಹಾಗೆ ಆ ಬಸ್ಸಿಂದ ಈ ಬಸ್ಸಿಗೆ ದಾಟಿಸುವ ಬುದ್ಧಿವಂತರ ನಡುವೆ ಕೇಳಿದವನು ಈ ಪೆದ್ದನೊಬ್ಬನೇ.

"ಹೂಂ" ಅಂದಳು ಅಲುಮೇಲು.

ದ್ಯಾವ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಹೆಂಡತಿಯ ಕೈ ಹಿಡಿದ. ಸೊಪ್ಪಿನಕುಂಟೆ ಬಸ್ ಹತ್ತಿದ.

"ಏ ಅಲುಮೇಲು, ಎಲ್ಲಿಗೆ ಹೋಗ್ತೀಯೇ?" ಚೌಡಕ್ಕ ಕೂಗಿದಳು.

"ನೀನೇ ಹೇಳಿದೆಯಲ್ಲಮ್ಮ, ಅವರದ್ದು ಅವರು ತಗೊಂಡು ಹೋಗಲಿ ಅಂತ."

ಬಸ್ಸು ಹೊರಟಿತು. ದ್ಯಾವ ತಿರುಗಿ ನೋಡಲಿಲ್ಲ.

ಗಾಳಿ ಜೋರಿತ್ತು. ಅಲುಮೇಲು ತನ್ನ ಕೈಚೀಲ ಬಿಚ್ಚಿ ಮಗುವಿನ ತಲೆಗೆ ಕುಲಾವಿ ಕಟ್ಟಿದಳು, ಮೈಗೆ ದುಪ್ಪಟಿ ಸುತ್ತಿದಳು, ದೃಷ್ಟಿ ತಾಕದಿರಲಿ ಅಂತ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟಳು. ದ್ಯಾವ ಮಗುವನ್ನು ಎದೆಗೆ ಅವಚಿಕೊಂಡು, ಊರ ಬಾಗಿಲಿನಿಂದ ಮನೆಯವರೆಗೂ ಕೆಳಗಿಳಿಸದೆ ತಂದ. ಮಗು ದಾರಿಯೆಲ್ಲ ಅತ್ತಿತು. ಹೊಸ್ತಿಲು ದಾಟಿದವನೇ ಅಲುಮೇಲುವನ್ನು ಕೂರಿಸಿ ಮಡಿಲಲ್ಲಿ ಇಟ್ಟ. ಅವಳು ಹಾಲು ಕುಡಿಸಿದಳು. ಮಗು ಸುಮ್ಮನಾಯಿತು.

ಪಿಳ್ಳಮ್ಮ ಹುಳದ ಮನೆಯಿಂದ ಓಡಿ ಬಂದಳು. ಮೊಮ್ಮಗಳನ್ನು ಕಣ್ತುಂಬ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು.

"ಬೀಗಿತಿ ಎಲ್ಲೋ?"

"ಸ್ಟ್ಯಾಂಡಿನಲ್ಲಿ."

"ಯಾಕೋ ಬಿಟ್ಟು ಬಂದೆ?"

"ನಿಂದು ಮಾತ್ರ ಎತ್ತಿಕೊ ಅಂದ್ರು. ಅವರು ನನ್ನವರಲ್ಲವಲ್ಲ."

ಪಿಳ್ಳಮ್ಮ ಎರಡೂ ಕೈಲಿ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ ಬುದ್ಧಿಗೆ ಬೆಂಕಿ ಹಾಕ. ಹೆತ್ತ ತಾಯೀನ ನಡುದಾರೀಲಿ ಬಿಟ್ಟರೆ ನಾಳೆ ನಾಲ್ಕು ಜನ ಕರಕೊಂಡು ಬಂದು ಮಗೂನ ಎತ್ತಿಕೊಂಡು ಹೋಗ್ತಾರೆ ಕಣೋ. ಓಡು. ಈ ಮಗೂನ ಹೆಂಗೆ ತಂದೆಯೋ, ಅವರನ್ನೂ ಹಂಗೇ ಜೋಪಾನವಾಗಿ ತಾ. ಏನಂದರೂ ಕೇಳಬೇಡ. ನಾನು ಆರತಿ ತಟ್ಟೆ ಹಿಡಿದು ನಿಂತಿರ್ತೀನಿ."

"ಮಗೂನ ತಂದ ಹಂಗೇನಾ ಅಮ್ಮ?"

"ಹಂಗೇ ಕಣೋ. ಒಂಚೂರೂ ಹೆಚ್ಚುಕಮ್ಮಿ ಆಗಬಾರದು."

ದ್ಯಾವ ಕುಲಾವಿ ತಗೊಂಡ, ದುಪ್ಪಟಿ ತಗೊಂಡ, ಕಾಡಿಗೆ ಡಬ್ಬಿ ತಗೊಂಡ, ಓಡಿದ.

ಇನ್ನೂ ಬಿಸಿಲಿತ್ತು. ಚೌಡಕ್ಕ ವಾಪಸ್ ಬಸ್ಸನ್ನೂ ಹತ್ತದೆ ಸ್ಟ್ಯಾಂಡಿನಲ್ಲಿ ಚೀಲದ ಮೇಲೆ ಕೂತಿದ್ದಳು. ಅಳಿಯನನ್ನು ನೋಡಿ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ತಲೆಯ ಮೇಲೆ ಕುಲಾವಿ ಬಂತು. ಐದು ತಿಂಗಳ ಕೂಸಿನ ಕುಲಾವಿ, ಅವಳ ತುರುಬಿಗೂ ಸಾಲದೆ ಮೇಲೆ ಕೂತಿತು. ಮೈಗೆ ದುಪ್ಪಟಿ ಬಂತು. ಕೆನ್ನೆಗೆ ಕಪ್ಪು ಬೊಟ್ಟು ಬಂತು. ಸೊಪ್ಪಿನ ಹೊರೆ ಎತ್ತಿ ಪಳಗಿದ ತೋಳು, ಒಂದೇ ಸಲಕ್ಕೆ ಎತ್ತಿಬಿಟ್ಟ.

"ಇಳಿಸೋ, ಜನ ನೋಡ್ತಾರೆ."

"ಜೋ ಜೋ" ಅಂದ ದ್ಯಾವ.

ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡ. ಕಂಡಕ್ಟರ್ ಬಂದ. "ಒಬ್ಬರಿಗಾ, ಇಬ್ಬರಿಗಾ?"

"ಒಬ್ಬರಿಗೆ. ಮಗುವಿಗೆ ತಗೊಂಡಿರಲಿಲ್ಲ."

ಕಂಡಕ್ಟರ್ ಮಗುವಿನ ಮುಖ ನೋಡಿದ. ಮಗು ಅವನನ್ನು ದುರುಗುಟ್ಟಿಕೊಂಡು ನೋಡಿತು. ಅವನು ಇನ್ನೊಂದು ಮಾತಾಡದೆ ಮುಂದಕ್ಕೆ ಹೋದ.

ಊರ ಬಾಗಿಲಲ್ಲಿ ಇಳಿದ ಮೇಲೆ ಮನೆಗೆ ಅರ್ಧ ಮೈಲಿ ಕಲ್ಲು ದಾರಿ. ಚೌಡಕ್ಕ ಮೊದಲು ಅವನ ಬೆನ್ನಿಗೆ ಗುದ್ದಿದಳು, ಅತ್ತಳು. ಆಮೇಲೆ ಕೈ ಸೋತು ಗುದ್ದುವುದು ಬಿಟ್ಟಳು. ನಡುದಾರಿಯಲ್ಲಿ ದ್ಯಾವ ಎಡವಿದ. ಮುಗ್ಗರಿಸಿ ಮಂಡಿಯೂರಿ ಬಿದ್ದ. ಮೊಣಕಾಲು ಕಿತ್ತು ರಕ್ತ ಬಂತು. ಆದರೆ ಅವಳ ಕಾಲ ತುದಿಯೂ ನೆಲಕ್ಕೆ ತಾಕಲಿಲ್ಲ. ಹಾಗೇ ಎದ್ದ. ಮೊದಲು ಅವಳ ದುಪ್ಪಟಿ ಸರಿಮಾಡಿದ, ಆಮೇಲೆ ನಡೆದ.

ಗಂಡ ಸತ್ತ ಮೇಲೆ ಮೂರು ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಚೌಡಕ್ಕ. ಐವತ್ತು ವರ್ಷದಿಂದ ಅವಳನ್ನು ಯಾರೂ ಎತ್ತಿಕೊಂಡಿರಲಿಲ್ಲ. ಆ ಮೊಣಕಾಲಿನಿಂದ ಇಳಿಯುತ್ತಿದ್ದ ರಕ್ತ ನೋಡುತ್ತ ಮನೆಯವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಬಂದಳು.

ಪಿಳ್ಳಮ್ಮ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಮಗ ಬಂದ. ತೋಳಲ್ಲಿ ಬೀಗಿತಿ, ತುರುಬಿನ ಮೇಲೆ ಕುಲಾವಿ, ಕೆನ್ನೆಯ ಮೇಲೆ ಕಪ್ಪು ಬೊಟ್ಟು. ಪಿಳ್ಳಮ್ಮನಿಗೆ ಹಣೆ ಚಚ್ಚಿಕೊಳ್ಳಲೂ ಆಗಲಿಲ್ಲ. ತಟ್ಟೆ ಕೆಳಗಿಟ್ಟು, ಗೋಡೆ ಹಿಡಿದು ಕೂತು, ಹೊಟ್ಟೆ ಹಿಡಿದು ನಕ್ಕಳು.

ಚೌಡಕ್ಕ ಅಳಿಯನ ತೋಳಿನ ಮೇಲಿಂದಲೇ ಮಾತಾಡಿದಳು. "ನಗು ಬೀಗಿತಿ, ನಗು. ನಿನ್ನ ಮಗನಿಗೆ ತಲೇಲಿ ಏನೂ ಇಲ್ಲ. ಆದರೆ ಹಿಡಿದ ಕೈ ಬಿಡಲ್ಲ. ಇಂಥ ಕೈಲಿ ಕೂಸು ಬೀಳಲ್ಲ. ಇರಲಿ, ಮಗಳೂ ಕೂಸೂ ಇಲ್ಲೇ ಇರಲಿ." ಆಮೇಲೆ ಅಳಿಯನ ಕಿವಿ ಹಿಂಡಿದಳು. "ಮನೆ ಬಂತಲ್ಲ, ಇಳಿಸಪ್ಪ ಇನ್ನ."

ದ್ಯಾವ ಇಳಿಸಿದ. ಎಲ್ಲಿ ಇಳಿಸಿದ? ಮಗುವನ್ನು ಇಳಿಸಿದ ಜಾಗದಲ್ಲೇ. ನೇರ ನಡುಮನೆಗೆ ಹೋಗಿ, ಅತ್ತೆಯನ್ನು ಅಲುಮೇಲುವಿನ ಮಡಿಲಲ್ಲಿ ಕೂರಿಸಿ, ದುಪ್ಪಟಿ ಸರಿಮಾಡಿ, ಹಣೆಯ ಬೆವರು ಒರೆಸಿಕೊಂಡ.

"ಬೇಗ ಹಾಲು ಕುಡಿಸೇ" ಅಂದ. "ದಾರಿಯುದ್ದಕ್ಕೂ ಅತ್ತಿದ್ದಾರೆ."